ಐವತ್ತೆಂಟರವರೆಗೆ ಕಾಯಲಾರದ ದುಡ್ಡು: ಉಳಿತಾಯ, ಖರ್ಚು ಮತ್ತು ವಯಸ್ಸಿನ ಲೆಕ್ಕ

2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೊಸೂರು ರಸ್ತೆಯಲ್ಲಿ, ತುಮಕೂರು ರಸ್ತೆಯಲ್ಲಿ ವಾಹನಗಳು ಗಂಟೆಗಟ್ಟಲೆ ನಿಂತುಹೋಗಿದ್ದವು. ಗಾರ್ಮೆಂಟ್ಸ್ ಕಾರ್ಖಾನೆಗಳಿಂದ ಹೊರಬಂದ ಸಾವಿರಾರು ಕಾರ್ಮಿಕರು ರಸ್ತೆಯಲ್ಲಿ ಕುಳಿತಿದ್ದರು. ಅವರಲ್ಲಿ ಬಹುಪಾಲು ಹೆಂಗಸರು. ದೊಡ್ಡ ಕಾರ್ಮಿಕ ಸಂಘಟನೆಗಳ ಕರೆಯಿಲ್ಲದೆ ತಾನಾಗಿ ಎದ್ದ ಆ ಪ್ರತಿಭಟನೆ ಎರಡನೆಯ ದಿನ ಹಿಂಸೆಗೆ ತಿರುಗಿತು, ಬಸ್ಸುಗಳಿಗೆ ಬೆಂಕಿ ಬಿತ್ತು, ಪೊಲೀಸರು ಲಾಠಿ ಬೀಸಿದರು. ಕಾರಣ ಸಂಬಳವಲ್ಲ, ಕೆಲಸದ ಅವಧಿಯೂ ಅಲ್ಲ. ಅದೇ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯ ನಿಧಿಯ (ಪಿಎಫ್) ನಿಯಮವನ್ನು ಬದಲಿಸಿ, ಕೆಲಸ ಬಿಟ್ಟವರು ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಅಧಿಸೂಚನೆ ಹೊರಡಿಸಿತ್ತು. ಏಪ್ರಿಲ್ 19ರ ಸಂಜೆಯ ಹೊತ್ತಿಗೆ ಕೇಂದ್ರ ಕಾರ್ಮಿಕ ಸಚಿವರು ಆ ಅಧಿಸೂಚನೆಯನ್ನು ಹಿಂಪಡೆಯುವುದಾಗಿ ಘೋಷಿಸಬೇಕಾಯಿತು.

ಮುಪ್ಪಿಗೆಂದು ನಿಮ್ಮದೇ ಹಣವನ್ನು ಕಾಪಾಡಿ ಇಡುತ್ತೇವೆ ಎಂದರೆ ಇಷ್ಟು ಸಿಟ್ಟೇಕೆ ಎಂದು ಆಗ ಕೇಳಿದವರು ಕಡಿಮೆಯಿರಲಿಲ್ಲ. ಉತ್ತರ ಆ ಹೆಂಗಸರ ಪಿಎಫ್ ಲೆಕ್ಕದಲ್ಲೇ ಇದೆ. ತಿಂಗಳಿಗೆ 12,000 ರೂಪಾಯಿ ಮೂಲ ವೇತನವಿರುವ ಒಬ್ಬ ಕಾರ್ಮಿಕಳನ್ನು ತೆಗೆದುಕೊಳ್ಳೋಣ. ಅವಳ ಸಂಬಳದಿಂದ ಶೇ 12ರಂತೆ 1,440 ರೂಪಾಯಿ ಕಡಿತವಾಗುತ್ತದೆ. ಮಾಲೀಕರೂ ಅಷ್ಟೇ ಕಟ್ಟುತ್ತಾರೆ, ಆದರೆ ಅದರಲ್ಲಿ ಸುಮಾರು 1,000 ರೂಪಾಯಿ ಪಿಂಚಣಿ ಯೋಜನೆಗೆ ಹೋಗಿ, ಅವಳ ಪಿಎಫ್ ಖಾತೆಗೆ ಬೀಳುವುದು 440 ರೂಪಾಯಿ ಮಾತ್ರ. ಹೀಗೆ ತಿಂಗಳಿಗೆ 1,880 ರೂಪಾಯಿಯಂತೆ ಐದು ವರ್ಷ ಕೂಡಿದರೆ, ಈಚಿನ ಶೇ 8.25ರ ಬಡ್ಡಿ ಸೇರಿ ಸುಮಾರು 1.38 ಲಕ್ಷ ಆಗುತ್ತದೆ. ಬಾಡಿಗೆ, ರೇಷನ್ನು, ಊರಿಗೆ ಕಳಿಸುವ ದುಡ್ಡು ಎಲ್ಲವೂ ಕಳೆದ ಮೇಲೆ ಏನೂ ಉಳಿಯದ ಮನೆಯಲ್ಲಿ, ಬೇರೆ ಯಾರ ಕೈಗೂ ಸಿಗದೆ ಒಟ್ಟಾಗುವ ಏಕೈಕ ಇಡುಗಂಟು ಅದು. ಮಗಳ ಪಿಯುಸಿ ಶುಲ್ಕ, ಊರಿನ ಮನೆಯ ಚಾವಣಿ, ಅಡವಿಟ್ಟ ಒಡವೆ ಬಿಡಿಸುವುದು, ಕೈಸಾಲ ತೀರಿಸುವುದು ಇವೆಲ್ಲ ಮೂವತ್ತರಿಂದ ನಲವತ್ತರ ನಡುವೆ ಬರುವ ಖರ್ಚುಗಳು. ಅದಕ್ಕಾಗಿಯೇ ಎಷ್ಟೋ ಮಂದಿ ಒಂದು ಕಾರ್ಖಾನೆಗೆ ರಾಜೀನಾಮೆ ಕೊಟ್ಟು, ಪಿಎಫ್ ಬಿಡಿಸಿಕೊಂಡು, ಮತ್ತೊಂದು ಕಾರ್ಖಾನೆಗೆ ಸೇರುತ್ತಿದ್ದರು. ಐವತ್ತೆಂಟರವರೆಗೆ ಹೊಲಿಗೆ ಯಂತ್ರದ ಮುಂದೆ ಕೂರುತ್ತೇವೆ ಎಂಬ ನಂಬಿಕೆಯೇ ಅವರಿಗೆ ಇರಲಿಲ್ಲ.

ಆದರೆ ಸರ್ಕಾರದ ಕಡೆಯ ವಾದವನ್ನು ಸುಳ್ಳು ಎನ್ನಲಾಗದು. ಹೀಗೆ ಪದೇಪದೇ ಪಿಎಫ್ ಜೊತೆಗೆ ಪಿಂಚಣಿ ಯೋಜನೆಯ ಹಣವನ್ನೂ ತೆಗೆದವರಿಗೆ ಪಿಂಚಣಿಗೆ ಬೇಕಾದ ಕನಿಷ್ಠ ಹತ್ತು ವರ್ಷದ ಸೇವೆ ಎಂದೂ ಕೂಡುವುದಿಲ್ಲ. ಕೂಡಿದರೂ ಸಿಗುವುದೆಷ್ಟು ಎಂಬುದು ಬೇರೆ ಮಾತು: ಪಿಂಚಣಿಗೆ ಪರಿಗಣಿಸುವ ವೇತನವನ್ನು ಸೇವಾವಧಿಯಿಂದ ಗುಣಿಸಿ 70ರಿಂದ ಭಾಗಿಸುವುದು ಅಲ್ಲಿನ ಸೂತ್ರ, 12,000 ರೂಪಾಯಿ ವೇತನದಲ್ಲಿ ಹತ್ತು ವರ್ಷ ದುಡಿದವಳಿಗೆ ಅದು ತಿಂಗಳಿಗೆ 1,714 ರೂಪಾಯಿ. 2025ರ ಅಕ್ಟೋಬರ್‌ನಲ್ಲಿ ಭವಿಷ್ಯ ನಿಧಿಯ ಕೇಂದ್ರೀಯ ಟ್ರಸ್ಟಿ ಮಂಡಳಿ ಈ ಹಗ್ಗಜಗ್ಗಾಟಕ್ಕೆ ಒಂದು ನಡುದಾರಿ ಹುಡುಕಿತು. ಮದುವೆ, ಓದು, ಕಾಯಿಲೆ, ಮನೆ ಮುಂತಾದ ಕಾರಣಗಳಿಗೆ ಭಾಗಶಃ ಹಣ ತೆಗೆಯುವುದನ್ನು ಸಡಿಲಗೊಳಿಸಿ, ಶೇ 25ರಷ್ಟನ್ನು ಮಾತ್ರ ಖಾತೆಯಲ್ಲಿ ಉಳಿಸಲೇಬೇಕು ಎಂದಿತು. ಅದೇ ಹೊತ್ತಿಗೆ ಕೆಲಸ ಹೋದವರು ಖಾತೆಯನ್ನು ಪೂರ್ತಿ ಮುಗಿಸಲು ಎರಡು ತಿಂಗಳ ಬದಲು ಹನ್ನೆರಡು ತಿಂಗಳು ಕಾಯಬೇಕು ಎಂದೂ ನಿರ್ಧರಿಸಿತು. ಹೊಗಳಿಕೆ, ತೆಗಳಿಕೆ ಎರಡೂ ಬಂದವು. ನನ್ನ ಮಟ್ಟಿಗೆ ಈ ನಿರ್ಧಾರದಲ್ಲಿ ಗಮನಿಸಬೇಕಾದದ್ದು ಒಂದೇ: ಉಳಿತಾಯದ ಹಣವು ಮುಪ್ಪಿಗೆ ಮಾತ್ರವಲ್ಲ, ನಡುವಯಸ್ಸಿಗೂ ಸೇರಿದ್ದು ಎಂಬುದನ್ನು ನಿಯಮವೇ ಮೊದಲ ಬಾರಿಗೆ ಇಷ್ಟು ಸ್ಪಷ್ಟವಾಗಿ ಒಪ್ಪಿಕೊಂಡಿದೆ.

ಉಳಿತಾಯದ ಕುರಿತ ನಮ್ಮ ಉಪದೇಶಗಳು ಇನ್ನೂ ಅಲ್ಲಿಗೆ ಬಂದಿಲ್ಲ. ಮೊದಲ ಸಂಬಳದಿಂದಲೇ ಶೇ 20 ಉಳಿಸಿ, ನಿವೃತ್ತಿಯವರೆಗೂ ಬಿಡಬೇಡಿ ಎಂಬ ಮಾತು ಯಾವ ಹಣಕಾಸು ಸಲಹೆಗಾರರ ಬಾಯಲ್ಲೂ ಸಿಗುತ್ತದೆ. ನೆನಪಿಡಲು ಸುಲಭವಾದ ಸೂತ್ರವೇನೋ ಹೌದು. ಆದರೆ ಈ ವಿಷಯದ ಬಗ್ಗೆ ಅತಿ ಹೆಚ್ಚು ಯೋಚಿಸಿದ ಅರ್ಥಶಾಸ್ತ್ರಜ್ಞರು ಹೇಳಿದ್ದು ಹಾಗಲ್ಲ. ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ರಿಚರ್ಡ್ ಬ್ರಂಬರ್ಗ್ 1954ರಲ್ಲಿ ಮಂಡಿಸಿದ ಜೀವನಚಕ್ರ ಸಿದ್ಧಾಂತದ ಪ್ರಕಾರ ಮನುಷ್ಯ ಬಯಸುವುದು ಬದುಕಿನುದ್ದಕ್ಕೂ ಹೆಚ್ಚುಕಡಿಮೆ ಒಂದೇ ಮಟ್ಟದ ಜೀವನವನ್ನು. ಆದಾಯ ಮಾತ್ರ ಒಂದೇ ಮಟ್ಟದಲ್ಲಿ ಬರುವುದಿಲ್ಲ. ಆದ್ದರಿಂದ ಗಳಿಕೆ ಕಡಿಮೆಯಿರುವ ಎಳೆಯ ವಯಸ್ಸಿನಲ್ಲಿ ಉಳಿತಾಯ ಕಡಿಮೆಯಿರುವುದು ಅಥವಾ ಸಾಲವೇ ಇರುವುದು, ಗಳಿಕೆ ಉತ್ತುಂಗದಲ್ಲಿರುವಾಗ ಉಳಿತಾಯ ಹೆಚ್ಚಿರುವುದು, ನಿವೃತ್ತಿಯ ಮೇಲೆ ಉಳಿಸಿದ್ದನ್ನು ಕರಗಿಸುವುದು ಇವು ಶಿಸ್ತಿನ ಕೊರತೆಯಲ್ಲ, ತರ್ಕಬದ್ಧ ನಡವಳಿಕೆ. ಮೊಡಿಗ್ಲಿಯಾನಿ ಅವರಿಗೆ 1985ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅವರು ಕೇಳಿದ್ದರೆ, ಯಾವ ವರ್ಷದ ಹಾಸಿಗೆ ಎಂದು ಕೇಳುತ್ತಿದ್ದರೇನೋ.

ಎಳೆಯರಿಗೆ ಹೇಳುವ ಚಕ್ರಬಡ್ಡಿಯ ಕಥೆಯನ್ನೇ ತೆಗೆದುಕೊಳ್ಳಿ. 25ನೇ ವಯಸ್ಸಿನಲ್ಲಿ ಇಟ್ಟ 1 ಲಕ್ಷ ರೂಪಾಯಿ, ಶೇ 8ರ ಬಡ್ಡಿಯಲ್ಲಿ 60ನೇ ವಯಸ್ಸಿಗೆ 14.8 ಲಕ್ಷವಾಗುತ್ತದೆ ಎನ್ನುವಾಗ ಲೆಕ್ಕ ತಪ್ಪಿಲ್ಲ, ಆದರೆ ಅರ್ಧ ಮಾತ್ರ ಹೇಳಲಾಗಿದೆ. ಆ 35 ವರ್ಷಗಳಲ್ಲಿ ಬೆಲೆಯೇರಿಕೆ ವರ್ಷಕ್ಕೆ ಶೇ 5ರಂತೆ ನಡೆದರೆ, ಕೈಗೆ ಬಂದ 14.8 ಲಕ್ಷಕ್ಕೆ ಇಂದಿನ 2.7 ಲಕ್ಷದಷ್ಟೇ ಬೆಲೆ. ಹದಿನೈದು ಪಟ್ಟು ಎಂದು ಕಂಡದ್ದು ಮೂರು ಪಟ್ಟಿಗೂ ಕಡಿಮೆ. ಷೇರುಪೇಟೆಯ ನಿಧಿಗಳಲ್ಲಿ ಶೇ 12 ಸಿಕ್ಕಿದರೆ ಅದು ಇಂದಿನ ಬೆಲೆಯಲ್ಲಿ ಒಂಬತ್ತೂವರೆ ಪಟ್ಟಾಗುತ್ತದೆ ಎಂಬುದೂ ನಿಜ, ಆದರೆ ಅಷ್ಟು ಸಿಕ್ಕೇ ಸಿಗುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು. ಇದರ ಎದುರು ಬದಿಯಲ್ಲಿ ಇಡಬೇಕಾದದ್ದು, 25ರಲ್ಲಿ ಆ 1 ಲಕ್ಷ ಏನು ಮಾಡಬಲ್ಲದಾಗಿತ್ತು ಎಂಬುದನ್ನು. ಕಲಬುರಗಿಯಿಂದಲೋ ಹಾಸನದಿಂದಲೋ ಬೆಂಗಳೂರಿಗೆ ಬಂದು 25,000 ರೂಪಾಯಿ ಸಂಬಳಕ್ಕೆ ಸೇರಿದ ಹುಡುಗ ಅದನ್ನು ಒಂದು ಒಳ್ಳೆಯ ತರಬೇತಿಗೆ, ಕಚೇರಿಗೆ ಹತ್ತಿರದ ಬಾಡಿಗೆ ಕೋಣೆಗೆ, ಬಹುದಿನದ ಹಲ್ಲುನೋವಿನ ಚಿಕಿತ್ಸೆಗೆ ಖರ್ಚು ಮಾಡಿ, ಅದರಿಂದ ಐದು ವರ್ಷದಲ್ಲಿ ಅವನ ಸಂಬಳ ಎರಡು ಪಟ್ಟಾದರೆ, ಯಾವ ಠೇವಣಿಯೂ ಅದಕ್ಕೆ ಸಮನಾಗದು. ಖರ್ಚು ಎಂದು ನಾವು ಕರೆಯುವ ಹಲವು ಸಂಗತಿಗಳು ಆ ವಯಸ್ಸಿನಲ್ಲಿ ಹೂಡಿಕೆಯೇ.

ಅವನ ಖರ್ಚಿನ ಪಟ್ಟಿಯಲ್ಲಿ ಇನ್ನೊಂದು ಬಾಬ್ತು ಇರುತ್ತದೆ, ವಿದೇಶದ ಪುಸ್ತಕಗಳ ಲೆಕ್ಕದಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ: ಮನೆಗೆ ಕಳಿಸುವ ದುಡ್ಡು. ಅಪ್ಪನ ಬೋರ್‌ವೆಲ್ ಸಾಲ, ತಂಗಿಯ ನರ್ಸಿಂಗ್ ಕಾಲೇಜಿನ ಶುಲ್ಕ, ಅಮ್ಮನ ಔಷಧಿ ಇವುಗಳಿಗೆ ಹೋಗುವ ಏಳೆಂಟು ಸಾವಿರವನ್ನು ಉಳಿತಾಯವೆನ್ನಬೇಕೋ ಖರ್ಚೆನ್ನಬೇಕೋ? ಮೊಡಿಗ್ಲಿಯಾನಿ ಊಹಿಸಿದ್ದು ತನ್ನ ಮುಪ್ಪಿಗೆ ತಾನೇ ಕೂಡಿಡುವ ಒಂಟಿ ಮನುಷ್ಯನನ್ನು. ನಮ್ಮಲ್ಲಿ ಈ ಏರಿಳಿತವನ್ನು ಸಮಮಾಡುತ್ತ ಬಂದದ್ದು ಕುಟುಂಬ. ಅಪ್ಪ ತನ್ನ ನಡುವಯಸ್ಸಿನ ಗಳಿಕೆಯನ್ನು ಮಗನ ಓದಿಗೆ ಹಾಕುತ್ತಾನೆ, ಮಗ ತನ್ನ ಮೊದಲ ಸಂಬಳಗಳನ್ನು ಅಪ್ಪನ ಮುಪ್ಪಿಗೆ ಹಾಕುತ್ತಾನೆ. ಇಂಥ ಹುಡುಗನಿಗೆ ಶೇ 20 ಉಳಿಸಲಿಲ್ಲ ಎಂದು ಗದರುವುದು ಅನ್ಯಾಯ. ಅವನು ಈಗಾಗಲೇ ಒಂದು ಪಿಂಚಣಿ ಯೋಜನೆಗೆ ಕಂತು ಕಟ್ಟುತ್ತಿದ್ದಾನೆ. ಅದು ಅವನದಲ್ಲ, ಅಷ್ಟೆ.

ಹಾಗೆಂದು ಈ ವಯಸ್ಸಿನಲ್ಲಿ ಎಲ್ಲ ಖರ್ಚಿಗೂ ಮಾಫಿಯಿಲ್ಲ. ಕೆಲಸ ಹೋದರೆ ಮೂರು ನಾಲ್ಕು ತಿಂಗಳು ದೂಡಲು ಬೇಕಾದಷ್ಟು ಹಣ ಮತ್ತು ಆರೋಗ್ಯ ವಿಮೆ ಇಷ್ಟಂತೂ ಇರಲೇಬೇಕು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಪೂರ್ತಿ ಹೋಗಿರುವುದರಿಂದ ಕಂತಿನ ನೆವವೂ ಸ್ವಲ್ಪ ತಗ್ಗಿದೆ. ನಿಜವಾದ ಅಪಾಯವಿರುವುದು ಮೊಬೈಲಿನಲ್ಲೇ ಐದು ನಿಮಿಷಕ್ಕೆ ಸಿಗುವ ಸಾಲದಲ್ಲಿ. ಅಡಮಾನವಿಲ್ಲದ ಇಂಥ ಗ್ರಾಹಕ ಸಾಲಗಳು ಓಡುತ್ತಿದ್ದ ವೇಗಕ್ಕೆ ಬೆಚ್ಚಿದ ರಿಸರ್ವ್ ಬ್ಯಾಂಕು 2023ರ ನವೆಂಬರ್‌ನಲ್ಲಿ, ಬ್ಯಾಂಕುಗಳು ಅವುಗಳಿಗಾಗಿ ಮೀಸಲಿಡಬೇಕಾದ ಬಂಡವಾಳವನ್ನು ಹೆಚ್ಚಿಸಿತು. ಸಾಲ ಮಾಡಿ ಓದುವುದು ಮುಂದಿನ ಆದಾಯವನ್ನು ಇಂದಿಗೆ ತರುವುದಾದರೆ, ಸಾಲ ಮಾಡಿ ಫೋನು ಕೊಳ್ಳುವುದು ಮುಂದಿನ ಆದಾಯವನ್ನು ಇಂದೇ ತಿನ್ನುವುದು.

ದೇಶದ ಮಟ್ಟದ ಅಂಕಿಗಳಲ್ಲೂ ಈ ಬದಲಾವಣೆ ಕಾಣುತ್ತದೆ. ಸಾಲ ಕಳೆದು ಉಳಿಯುವ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯವು ಕೋವಿಡ್ ವರ್ಷವಾದ 2020-21ರಲ್ಲಿ ಜಿಡಿಪಿಯ ಶೇ 11ನ್ನು ಮೀರಿತ್ತು. 2022-23ರಲ್ಲಿ ಅದು ಶೇ 5ರ ಆಸುಪಾಸಿಗೆ ಕುಸಿಯಿತು. ಹಲವು ದಶಕಗಳಲ್ಲೇ ಅತಿ ಕಡಿಮೆ ಮಟ್ಟ ಅದು. ಜನ ಸಂಕಷ್ಟದಲ್ಲಿಲ್ಲ, ಠೇವಣಿಯ ಬದಲು ಸಾಲ ಮಾಡಿ ಮನೆ, ವಾಹನ ಕೊಳ್ಳುತ್ತಿದ್ದಾರೆ ಎಂದು ಹಣಕಾಸು ಸಚಿವಾಲಯ ವಿವರಣೆ ಕೊಟ್ಟಿತು. ಆ ವಿವರಣೆಯಲ್ಲಿ ಹುರುಳಿಲ್ಲದಿಲ್ಲ, ಆದರೆ ಎಲ್ಲ ವಯಸ್ಸಿನವರನ್ನೂ ಒಂದೇ ಮೂಟೆ ಕಟ್ಟಿದ ಸರಾಸರಿಯಿಂದ ಇದನ್ನು ನಿರ್ಧರಿಸಲಾಗದು. ಮೂವತ್ತೈದರ ದಂಪತಿ ಮನೆಸಾಲ ಮಾಡಿ ಉಳಿತಾಯ ತಗ್ಗಿಸಿಕೊಂಡರೆ ಚಿಂತೆಯಿಲ್ಲ. ಐವತ್ತೈದರವರು ಮನೆಖರ್ಚಿಗೆ ಚಿನ್ನ ಅಡವಿಟ್ಟರೆ ಚಿಂತೆ ಮಾಡಲೇಬೇಕು. ಎರಡೂ ಒಂದೇ ಅಂಕಿಯಲ್ಲಿ ಅಡಗಿ ಕೂತಿರುತ್ತವೆ.

ಇದರ ಜೊತೆಗೆ ಸದ್ದಿಲ್ಲದೆ ಇನ್ನೊಂದು ಸಂಗತಿ ಬದಲಾಗಿದೆ. ಫೆಬ್ರವರಿ, ಮಾರ್ಚ್ ಬಂತೆಂದರೆ ಕಚೇರಿಗಳಲ್ಲಿ ಎಲ್‌ಐಸಿ ಏಜೆಂಟರ ಓಡಾಟ, ಪಿಪಿಎಫ್ ಪಾಸ್‌ಬುಕ್ಕಿನ ಹುಡುಕಾಟ ಶುರುವಾಗುತ್ತಿತ್ತು. ಆದಾಯ ತೆರಿಗೆಯ 80ಸಿ ವಿಭಾಗದಡಿ ಒಂದೂವರೆ ಲಕ್ಷದವರೆಗಿನ ವಿನಾಯಿತಿಗಾಗಿ, ಇಷ್ಟವಿಲ್ಲದವರೂ ಉಳಿಸುತ್ತಿದ್ದರು. ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲ. 2023-24ರಿಂದ, ಹಳೆಯದೇ ಬೇಕೆಂದು ಆರಿಸಿಕೊಳ್ಳದವರಿಗೆಲ್ಲ ತಾನಾಗಿ ಅನ್ವಯವಾಗುವುದು ಅದೇ. 2025ರ ಬಜೆಟ್ಟಿನ ನಂತರ ಅದರಡಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯೇ ಇಲ್ಲ. ಕೈಗೆ ಹೆಚ್ಚು ಹಣ ಬಂತು, ಉಳಿಸಿ ಎಂದು ಜುಲುಮೆ ಮಾಡುತ್ತಿದ್ದ ನಿಯಮ ಹೋಯಿತು. ಆ ನೆಪದಲ್ಲಿ ಕೊಂಡ ಎಷ್ಟೋ ವಿಮಾ ಪಾಲಿಸಿಗಳು ಸರಿಯಾದ ವಿಮೆಯೂ ಆಗಿರಲಿಲ್ಲ, ಲಾಭದ ಹೂಡಿಕೆಯೂ ಆಗಿರಲಿಲ್ಲ, ಆದ್ದರಿಂದ ಅದು ಹೋದದ್ದಕ್ಕೆ ಅಳಬೇಕಿಲ್ಲ. ಆದರೆ ಒತ್ತಾಯದ ಜಾಗದಲ್ಲಿ ಈಗ ಏನಾದರೊಂದು ವ್ಯವಸ್ಥೆ ಬೇಕು.

ಆ ವ್ಯವಸ್ಥೆ ಹೇಗಿರಬಹುದು ಎಂಬುದಕ್ಕೆ ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೊಮೊ ಬೆನಾರ್ಟ್ಜಿ ಅಮೆರಿಕದ ಒಂದು ಕಾರ್ಖಾನೆಯಲ್ಲಿ ಮಾಡಿ 2004ರಲ್ಲಿ ಪ್ರಕಟಿಸಿದ ಪ್ರಯೋಗದಷ್ಟು ಉಪಯುಕ್ತವಾದದ್ದನ್ನು ನಾನು ಬೇರೆ ಕಂಡಿಲ್ಲ. ಇಂದೇ ಹೆಚ್ಚು ಉಳಿಸಿ ಎಂದು ಅವರು ನೌಕರರನ್ನು ಕೇಳಲಿಲ್ಲ. ಮುಂದೆ ಸಂಬಳ ಏರಿದಾಗಲೆಲ್ಲ ಏರಿಕೆಯ ಒಂದು ಭಾಗ ತಾನಾಗಿ ಉಳಿತಾಯಕ್ಕೆ ಹೋಗಲಿ ಎಂದು ಮುಂಚಿತವಾಗಿ ಒಪ್ಪಿಸಿದರು. ಸೇರಿದವರ ಉಳಿತಾಯದ ಪ್ರಮಾಣ 40 ತಿಂಗಳಲ್ಲಿ ಸಂಬಳದ ಶೇ 3.5ರಿಂದ ಶೇ 13.6ಕ್ಕೆ ಏರಿತು. ಕೈಗೆ ಬಂದು ರೂಢಿಯಾದ ಹಣವನ್ನು ಬಿಡುವುದು ಕಷ್ಟ, ಇನ್ನೂ ಬಾರದ ಹಣವನ್ನು ಬಿಡುವುದು ಸುಲಭ. ಕರ್ನಾಟಕದ ಸರ್ಕಾರಿ ನೌಕರರಿಗೆ ಏಳನೇ ವೇತನ ಆಯೋಗದ ಪರಿಷ್ಕರಣೆ 2024ರ ಆಗಸ್ಟ್ 1ರಿಂದ ಜಾರಿಯಾದಾಗ, ಹೊಸ ಸಂಬಳದ ಮೊದಲ ತಿಂಗಳಲ್ಲೇ ಹೆಚ್ಚಳದ ಅರ್ಧದಷ್ಟಕ್ಕೆ ಆರ್‌ಡಿ ಮಾಡಿಸಿದವರಿಗೆ ಯಾವ ಸೌಕರ್ಯವೂ ಕಡಿಮೆಯಾಗುತ್ತಿರಲಿಲ್ಲ. ಮೂರು ತಿಂಗಳು ಕಳೆದ ಮೇಲೆ ಅದೇ ಕೆಲಸ ತ್ಯಾಗವೆನಿಸುತ್ತದೆ.

ಮೂವತ್ತೈದರಿಂದ ಐವತ್ತರವರೆಗಿನ ಕಾಲದಲ್ಲಿ ಎಲ್ಲರಿಗೂ ಕಾಣುವುದು ಇಎಂಐ. ಶೇ 8.5ರ ಬಡ್ಡಿಗೆ 20 ವರ್ಷಕ್ಕೆ 50 ಲಕ್ಷದ ಮನೆಸಾಲ ಮಾಡಿದರೆ ತಿಂಗಳ ಕಂತು ಸುಮಾರು 43,400 ರೂಪಾಯಿ. ಮೊದಲ ತಿಂಗಳು ಅದರಲ್ಲಿ 35,400 ಬಡ್ಡಿಗೇ ಹೋಗಿ, ಅಸಲು ತೀರುವುದು 8,000 ರೂಪಾಯಿಯಷ್ಟು. ವರ್ಷ ಕಳೆದಂತೆ ಈ ಹಂಚಿಕೆ ತಲೆಕೆಳಗಾಗುತ್ತದೆ. ಅಸಲಿಗೆ ಹೋಗುವ ಪಾಲು ಉಳಿತಾಯವೇ, ಏಕೆಂದರೆ ಅದು ಗೋಡೆಯಾಗಿ ನಿಂತಿರುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ, ಕಂತು ಕಟ್ಟುತ್ತಿರುವ ದಂಪತಿಗೆ ಅದರ ಮೇಲೆ ಇನ್ನೂ ಶೇ 20 ಉಳಿಸಿ ಎನ್ನುವುದು, ಅವರು ಮಕ್ಕಳೊಂದಿಗೆ ವರ್ಷಕ್ಕೊಮ್ಮೆ ಗೋಕರ್ಣಕ್ಕೋ ಬಾದಾಮಿಗೋ ಹೋಗಿಬರುವುದನ್ನೂ ಅಪರಾಧ ಮಾಡಿಬಿಡುತ್ತದೆ. ಮಕ್ಕಳು ಹತ್ತು ವರ್ಷದವರಿರುವಾಗ ಮಾಡದ ಪ್ರವಾಸವನ್ನು ಅರವತ್ತರಲ್ಲಿ ಬಡ್ಡಿ ಸಮೇತ ಮಾಡಲಾಗುವುದಿಲ್ಲ. ಕೆಲವು ಖರ್ಚುಗಳಿಗೆ ಅವುಗಳದ್ದೇ ವಯಸ್ಸಿರುತ್ತದೆ.

ಆದರೆ ಇದೇ ತಲೆಮಾರಿನ ಒಂದು ಕಷ್ಟವನ್ನು ಯಾರೂ ಸಾಕಷ್ಟು ಗಟ್ಟಿಯಾಗಿ ಹೇಳುತ್ತಿಲ್ಲ. ಹಿಂದಿನವರಿಗೆ ಇಪ್ಪತ್ತೈದರಲ್ಲಿ ಮಗುವಾದರೆ, ಅವರಿಗೆ ನಲವತ್ತೆಂಟಾಗುವ ಹೊತ್ತಿಗೆ ಮಗುವಿನ ಓದು ಮುಗಿದು, ನಿವೃತ್ತಿಗೆ ಮೊದಲು ಹತ್ತು ಹನ್ನೆರಡು ವರ್ಷ ತುಂಬು ಸಂಬಳವನ್ನು ಕೂಡಿಡುವ ಬಿಡುವು ಸಿಗುತ್ತಿತ್ತು. ಈಗ ಮೂವತ್ತನಾಲ್ಕರಲ್ಲಿ ಮಗುವಾಗಿ, ಮೂವತ್ತೆಂಟರಲ್ಲಿ ಮನೆಸಾಲ ಮಾಡಿದವರಿಗೆ ಎಂಜಿನಿಯರಿಂಗ್ ಶುಲ್ಕವೂ ಕಡೆಯ ಕಂತುಗಳೂ ಒಟ್ಟಿಗೆ ಬರುವುದು ಐವತ್ತೈದರ ಸುತ್ತ. ಖಾಸಗಿ ಕಂಪನಿಗಳಲ್ಲಿ ಐವತ್ತು ದಾಟಿದವರ ಕೆಲಸ ಎಷ್ಟು ಗಟ್ಟಿ ಎಂಬುದು ಐಟಿ ವಲಯದವರಿಗೆ ಗೊತ್ತೇ ಇದೆ. ಅತಿ ಹೆಚ್ಚು ಉಳಿಸಬೇಕಾದ ಕಾಲವೇ ಕಿರಿದಾಗಿದೆ. ಇಂಥವರು ನಲವತ್ತರ ದಶಕದಲ್ಲಿ ಕಾರು ಬದಲಿಸುವುದನ್ನು, ಅದ್ದೂರಿ ಗೃಹಪ್ರವೇಶವನ್ನು ಮುಂದೂಡಲೇಬೇಕು. ಇಪ್ಪತ್ತೈದರವನಿಗೆ ಕೊಟ್ಟ ರಿಯಾಯಿತಿ ಇವರಿಗಿಲ್ಲ.

ತಿಂಗಳ ಸಂಬಳವಿಲ್ಲದವರ ಲೆಕ್ಕ ಬೇರೆ. ಅಡಿಕೆ ಬೆಳೆಗಾರನಿಗೆ ಕೊಯ್ಲಿಗೊಮ್ಮೆ, ಆಟೋ ಚಾಲಕನಿಗೆ ದಿನಕ್ಕೊಮ್ಮೆ ಹಣ ಬರುತ್ತದೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ ಬೆಳೆದು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋದ ಸಂಸ್ಥೆ, 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದಾಗ ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿತ್ತು. ಬಡವರು ಉಳಿಸುವುದಿಲ್ಲ ಎಂಬುದು ಸುಳ್ಳು, ಅವರ ಆದಾಯದ ಲಯಕ್ಕೆ ಹೊಂದುವ ಪಾತ್ರೆ ಬೇಕು ಎಂಬುದನ್ನು ಡಾ. ಟಿ.ಎಂ.ಎ. ಪೈ ಮತ್ತು ಜೊತೆಗಾರರು ನೂರು ವರ್ಷದ ಹಿಂದೆಯೇ ಕಂಡುಕೊಂಡಿದ್ದರು. ಇಂದಿನ ಮಹಿಳಾ ಸಂಘಗಳ ವಾರದ ಉಳಿತಾಯವೂ, ಚೀಟಿಯೂ ನಡೆಯುತ್ತಿರುವುದು ಅದೇ ತಿಳಿವಿನ ಮೇಲೆ. ನೋಂದಣಿಯಿಲ್ಲದ ಚೀಟಿಯಲ್ಲಿ ಹಣ ಮುಳುಗಿಸಿಕೊಂಡವರ ಕಥೆಗಳಿಗೂ ಕೊರತೆಯಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಇನ್ನು ಅರವತ್ತರ ನಂತರ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬುದನ್ನು ನಂಬಿ ಬೆಳೆದ ತಲೆಮಾರು ಇದು. ಬಡ್ಡಿಯಲ್ಲಿ ಬದುಕಬೇಕು, ಅಸಲನ್ನು ಮುಟ್ಟಬಾರದು ಎಂಬುದು ಅವರಿಗೆ ವ್ರತದಂತೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಗರಿಷ್ಠ ಮಿತಿಯಾದ 30 ಲಕ್ಷವನ್ನು ಶೇ 8.2ರ ದರದಲ್ಲಿ ಇಟ್ಟವರಿಗೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ, ಅಂದರೆ ತಿಂಗಳಿಗೆ 20,500 ಬರುತ್ತದೆ. ಅಸಲು ಮುಟ್ಟದೆ ಅಷ್ಟರಲ್ಲೇ ಬದುಕಿದರೆ, ಶೇ 5ರ ಬೆಲೆಯೇರಿಕೆಯಲ್ಲಿ ಹದಿನಾಲ್ಕು ವರ್ಷಕ್ಕೆ ಅದರ ಕೊಳ್ಳುವ ಶಕ್ತಿ ಅರ್ಧವಾಗುತ್ತದೆ. ನಮ್ಮಲ್ಲಿ ಅರವತ್ತು ತಲುಪಿದವರು ಸರಾಸರಿ ಇನ್ನೂ ಸುಮಾರು 18 ವರ್ಷ ಬದುಕುತ್ತಾರೆ. ಅಂದರೆ ಅಸಲನ್ನು ಕಾಯುತ್ತ ಕುಳಿತವರು ವರ್ಷವರ್ಷವೂ ತಮಗೆ ಗೊತ್ತಿಲ್ಲದೆ ಬಡವಾಗುತ್ತಾರೆ. ಖಾತೆಯಲ್ಲಿ ಹತ್ತಾರು ಲಕ್ಷವಿದ್ದೂ ಮಂಡಿನೋವಿನ ಶಸ್ತ್ರಚಿಕಿತ್ಸೆ ಮುಂದೂಡುವ, ಶ್ರವಣಯಂತ್ರ ದುಬಾರಿಯಾಯಿತು ಎನ್ನುವ, ಬೇಸಿಗೆಯ ಮಧ್ಯಾಹ್ನ ಸಿಟಿ ಬಸ್ಸಿಗೆ ಕಾಯುವ ಹಿರಿಯರನ್ನು ಯಾವ ಬಡಾವಣೆಯಲ್ಲಾದರೂ ಕಾಣಬಹುದು.

ಅವರದು ಬರೀ ಜಿಪುಣತನ ಎಂದರೆ ತಪ್ಪಾಗುತ್ತದೆ. ಒಂದು ಆಸ್ಪತ್ರೆವಾಸ ಎಷ್ಟು ನುಂಗುತ್ತದೆಂದು ಮೊದಲೇ ಹೇಳಲು ಯಾರಿಗೂ ಸಾಧ್ಯವಿಲ್ಲ. ಹಿರಿಯರ ಆರೋಗ್ಯ ವಿಮೆಯ ಕಂತನ್ನು ತನ್ನನ್ನು ಕೇಳದೆ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2025ರ ಜನವರಿಯಲ್ಲಿ ಆದೇಶಿಸಿತು; ಶೇ 10ರಂತೆ ಏರಿದರೂ ಏಳು ವರ್ಷಕ್ಕೆ ಕಂತು ಹೆಚ್ಚುಕಡಿಮೆ ಎರಡು ಪಟ್ಟು. ಎಷ್ಟು ವರ್ಷ ಬದುಕುತ್ತೇವೆ ಎಂಬುದೂ ಗೊತ್ತಿಲ್ಲ. ಹಿಂದೆ ಈ ಎರಡು ಅನಿಶ್ಚಿತತೆಗಳಿಗೆ ಹೆಗಲು ಕೊಡುತ್ತಿದ್ದದ್ದು ಮಕ್ಕಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಫಲವಂತಿಕೆ ದರ, ಅಂದರೆ ಒಬ್ಬ ಹೆಂಗಸಿಗೆ ಹುಟ್ಟುವ ಮಕ್ಕಳ ಸರಾಸರಿ, 1.7ಕ್ಕೆ ಇಳಿದಿದೆ. ಮುಂದಿನ ಹಿರಿಯರಿಗೆ ಒಬ್ಬರೋ ಇಬ್ಬರೋ ಮಕ್ಕಳು, ಅವರೂ ಬೇರೆ ಊರಲ್ಲಿ, ಅವರಿಗೂ ಇಎಂಐ.

ಹೀಗಿರುವಾಗ ಅಸಲನ್ನು ಎರಡು ಭಾಗ ಮಾಡುವುದೇ ಹೆಚ್ಚು ವಿವೇಕದ ದಾರಿ ಎಂದು ನನಗನಿಸುತ್ತದೆ: ಕಾಯಿಲೆಗೆಂದು ಮುಟ್ಟದೆ ಇಡುವುದು ಒಂದು, ಎಪ್ಪತ್ತೈದರೊಳಗೆ ಖರ್ಚು ಮಾಡಿಯೇ ತೀರುತ್ತೇನೆಂದು ಇಡುವುದು ಇನ್ನೊಂದು. ಎಪ್ಪತ್ತೈದು ಎಂದದ್ದು ಸುಮ್ಮನೆ ಅಲ್ಲ. ತಿರುಗಾಡುವ, ತಿನ್ನುವ, ಹೊಸತು ಕಲಿಯುವ ಶಕ್ತಿ ಹಲವರಲ್ಲಿ ಅಲ್ಲಿಂದಾಚೆಗೆ ಹಣಕ್ಕಿಂತ ಮೊದಲೇ ಕರಗುತ್ತದೆ. ಹಣ ಮನೆಯಲ್ಲೇ ಸಿಕ್ಕಿಹಾಕಿಕೊಂಡವರಿಗೆಂದು ರಾಷ್ಟ್ರೀಯ ವಸತಿ ಬ್ಯಾಂಕು 2007ರಲ್ಲೇ ಹಿಮ್ಮುಖ ಅಡಮಾನ ಸಾಲದ ಯೋಜನೆ ತಂದಿತು. ಸ್ವಂತ ಮನೆಯಲ್ಲೇ ಕಡೆಯವರೆಗೂ ವಾಸವಿದ್ದು, ಬ್ಯಾಂಕಿನಿಂದ ಪ್ರತಿ ತಿಂಗಳು ಹಣ ಪಡೆಯಬಹುದು. ಸಾಲ ತೀರುವುದು ಮನೆ ಮಾರಾಟವಾದಾಗ, ಅಥವಾ ವಾರಸುದಾರರು ಹಣ ಕಟ್ಟಿ ಬಿಡಿಸಿಕೊಂಡಾಗ. ಅದು ನಮ್ಮಲ್ಲಿ ಇಂದಿಗೂ ಬೇರೂರಿಲ್ಲ. ಬ್ಯಾಂಕುಗಳ ನಿರಾಸಕ್ತಿ ಒಂದು ಕಾರಣವಾದರೆ, ಮಕ್ಕಳಿಗೆಂದು ಕಟ್ಟಿದ ಮನೆಯನ್ನು ತಮ್ಮ ಊಟ ಔಷಧಿಗೆ ಬಳಸಲು ಅಪ್ಪ ಅಮ್ಮಂದಿರಿಗೆ ಮನಸ್ಸು ಬಾರದಿರುವುದು ಇನ್ನೊಂದು. ವಿಚಿತ್ರವೆಂದರೆ, ಬೆಂಗಳೂರಿನಲ್ಲೋ ಡಲ್ಲಾಸಿನಲ್ಲೋ ತಮ್ಮದೇ ಮನೆಸಾಲ ತೀರಿಸುತ್ತಿರುವ ಆ ಮಕ್ಕಳಲ್ಲಿ ಅನೇಕರು ಮೈಸೂರಿನ ಹಳೆಯ ಮನೆಗೆ ವಾಪಸು ಬರುವ ಯೋಚನೆಯಲ್ಲೇ ಇಲ್ಲ, ಮತ್ತು ಆ ಮಾತನ್ನು ಮನೆಯಲ್ಲಿ ಬಾಯಿಬಿಟ್ಟು ಆಡಿದವರೂ ಕಡಿಮೆ.